ಇಸ್ರೇಲ್‌ನಲ್ಲಿ ಅಕ್ಕ ನೋಡ್ಕೊಳ್ಳೋ ಅಜ್ಜಿ ದೇವರ ಜೊತೆ ಜಗಳ ಆಡ್ತಾರೆ, ಇದು ಅವರ ಧರ್ಮದಲ್ಲೇ ಇದ್ಯಾ?

ಸಕಲೇಶಪುರ_ಸೋಂಬೇರಿ:

ಯಹೂದಿಗಳ ಪೂಜೆ ಪ್ರಾರ್ಥನೆ ಬಗ್ಗೆ ಗೊತ್ತಿರೋರು ಇಲ್ಲಿ ಯಾರಾದ್ರೂ ಇದ್ದೀರಾ? ನಮ್ಮಕ್ಕ ಇಸ್ರೇಲ್‌ನಲ್ಲಿ ಕೇರ್‌ಗಿವರ್ ಆಗಿದ್ದಾಳೆ, ಬ್ನೇ ಬ್ರಾಕ್ ಅಂತ ಟೆಲ್ ಅವೀವ್ ಪಕ್ಕದ ಊರು, ಹೆಚ್ಚುಕಮ್ಮಿ ಊರಿಗೆ ಊರೇ ಮಡಿವಂತರು. ನೋಡ್ಕೊಳ್ಳೋದು ಒಬ್ರು ವಯಸ್ಸಾದ ಅಜ್ಜಿನ. ಅಜ್ಜಿ ಬೆಳಿಗ್ಗೆ ಪುಸ್ತಕ ಹಿಡ್ಕೊಂಡು ಓದ್ತಾರಂತೆ, ಅದು ಸರಿ, ನಮ್ಮಲ್ಲೂ ಓದ್ತಾರೆ. ಆದ್ರೆ ಸಾಯಂಕಾಲ ಬಾಲ್ಕನಿಲಿ ಕೂತ್ಕೊಂಡು ಪುಸ್ತಕ ಗಿಸ್ತಕ ಏನೂ ಇಲ್ದೆ ಜೋರಾಗೇ ಮಾತಾಡ್ತಾರಂತೆ. ಅಕ್ಕ ಮೊದ್ಲು ಮಗಳ ಜೊತೆ ಫೋನಲ್ಲಿದ್ದಾರೆ ಅನ್ಕೊಂಡ್ಲಂತೆ, ನೋಡಿದ್ರೆ ಫೋನ್ ಒಳಗಡೆ ಚಾರ್ಜ್‌ಗೆ ಹಾಕಿದೆ. ದೇವರ ಜೊತೆ ಮಾತು! ಮೊಮ್ಮಗಳಿಗೆ ಗಂಡು ಸಿಕ್ಕಿಲ್ಲ, ಮಂಡಿ ನೋವು, ಮೇಲಿನ ಮನೆಯವರು ಪಾಟ್‌ಗೆ ಹಾಕಿದ ನೀರು ಇವರ ಬಟ್ಟೆ ಮೇಲೆ ಬೀಳುತ್ತೆ, ಎಲ್ಲಾ ವರದಿ ಒಪ್ಪಿಸ್ತಾರೆ, ನಡುನಡುವೆ ಬೈತಾರೆ ಬೇರೆ. ಬೈದು ಮುಗ್ಸಿ ಒಳಗೆ ಬಂದ್ಮೇಲೆ ಹೇಗಿದ್ದೀರಾ ಅಂತ ಕೇಳಿದ್ರೆ "ಬಾರೂಖ್ ಹಷೆಮ್", ದೇವರ ದಯೆ, ಎಲ್ಲಾ ಚೆನ್ನಾಗಿದೆ ಅಂತಾರಂತೆ.

ನಾನು ಇದನ್ನ ಸುಮ್ನೆ ಕೇಳ್ತಿಲ್ಲ. ನಮ್ಮಮ್ಮನ ಗಂಟಲಲ್ಲಿ ಗಡ್ಡೆ ಇದೆ, ಹಾಸನದಲ್ಲಿ ತೋರ್ಸಿ ಬಯಾಪ್ಸಿಗೆ ಕಳ್ಸಿದ್ದಾರೆ, ರಿಪೋರ್ಟ್ ಇನ್ನೂ ಬಂದಿಲ್ಲ. ಅಪ್ಪ ಧರ್ಮಸ್ಥಳಕ್ಕೆ ಹರಕೆ ಕಟ್ಕೊಂಡಿದ್ದಾರೆ, ಚಿಕ್ಕಮ್ಮ ದೇವೀರಮ್ಮನ ಬೆಟ್ಟ ಹತ್ತೀನಿ ಅಂದಿದ್ದಾರೆ. ನನಗೆ ದೇವರ ಮನೇಲಿ ಕೈ ಮುಗಿದು ನಿಂತ್ರೆ ಬಾಯಿಗೆ ಏನೂ ಬರಲ್ಲ, ಚಿಕ್ಕವನಿದ್ದಾಗ ಕಲ್ತ ಗಣಪತಿ ಶ್ಲೋಕ ಒಂದು ಬರುತ್ತೆ, ಅದೂ ಮಧ್ಯಕ್ಕೇ ನಿಲ್ಲುತ್ತೆ. ಅಕ್ಕ ಅಮ್ಮನ ವಿಷ್ಯ ಅಜ್ಜಿಗೆ ಹೇಳ್ಕೊಂಡು ಅತ್ಲಂತೆ. ಅಜ್ಜಿ ಮೊದ್ಲು ಕೇಳಿದ್ದು ಏನು ಗೊತ್ತಾ, ಡಾಕ್ಟರ್ ಯಾರು, ಒಳ್ಳೆಯವರಾ, ಇನ್ನೊಬ್ರಿಗೆ ತೋರ್ಸಿದ್ದೀರಾ. ಅದೆಲ್ಲ ಆದ್ಮೇಲೆ, ದೇವರನ್ನ ನಂಬು, ಮಾತಾಡು ಅವನ ಹತ್ರ ಅಂದ್ರಂತೆ.

ನಂಬಿಕೆ ಇದ್ರೆ ಎರಡನೇ ಡಾಕ್ಟರ್ ಯಾಕೆ? ಎಲ್ಲಾ ಒಳ್ಳೇದಕ್ಕೇ ಅನ್ನೋದಾದ್ರೆ ಬೈಯೋದ್ಯಾಕೆ? ಇದು ಅಜ್ಜಿದೇ ಸ್ವಂತ ಪದ್ಧತಿನಾ ಅಥವಾ ಅವರಲ್ಲಿ ಹಿಂಗೇನಾ?

ಹಾಸನ್_ನರ್ಸಕ್ಕ:

ನಾನು ಅಲ್ಲಿ ಸುಮಾರು ವರ್ಷ ಇದೇ ಕೆಲ್ಸ ಮಾಡಿ ಈಗ ಊರಿಗೆ ಬಂದು ಕೂತಿದೀನಿ, ಹಾಗಾಗಿ ಹೇಳ್ತೀನಿ ತಮ್ಮ. ಮೊದ್ಲು ಅಮ್ಮ ಹುಷಾರಾಗ್ಲಿ. ಥೈರಾಯ್ಡ್ ಗಡ್ಡೆ ಆದ್ರೆ ತುಂಬಾ ಜನಕ್ಕೆ ಏನೂ ಕೆಟ್ಟದ್ದಿರಲ್ಲ, ರಿಪೋರ್ಟ್ ಬರೋ ತನಕ ಗೂಗಲ್ ಮಾಡ್ಬೇಡ.

ಅಜ್ಜಿ ಮಾಡ್ತಿರೋದು ಅವರಲ್ಲಿ ಇರೋದೇ. ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ, ಬೆಳಿಗ್ಗೆ ಶಖರಿತ್, ಮಧ್ಯಾಹ್ನ ಮಿನ್ಖಾ, ರಾತ್ರಿ ಮಾರಿವ್. ಗಂಡಸರು ಹತ್ತು ಜನ ಸೇರಿ ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಮಾಡ್ತಾರೆ, ಹೆಂಗಸರಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಮೂರು ಹೊತ್ತೂ ನಿಂತ್ಕೊಂಡು ಮಾಡೋ ಪ್ರಾರ್ಥನೆ ಒಂದಿದೆ, ಅಮಿದಾ ಅಂತ, ಕಾಲು ಜೋಡಿಸ್ಕೊಂಡು ತುಟಿ ಮಾತ್ರ ಆಡಿಸ್ಕೊಂಡು ಹೇಳೋದು, ಪಕ್ಕದೋರಿಗೂ ಕೇಳಬಾರದು, ಮುಗಿದ್ಮೇಲೆ ಮೂರು ಹೆಜ್ಜೆ ಹಿಂದಕ್ಕೆ ಬರ್ತಾರೆ, ರಾಜನ ಮುಂದಿಂದ ಬರೋ ಥರ. ಅದ್ರಲ್ಲಿ ಎಲ್ಲಾ ಬರೆದಿಟ್ಟಿರೋದೇ, ಆದ್ರೆ "ನಮ್ಮ ಪ್ರಾರ್ಥನೆ ಕೇಳು" ಅನ್ನೋ ಜಾಗ ಬಂದಾಗ ಅವರವರ ಕಷ್ಟ ಅವರವರ ಭಾಷೇಲಿ ಸೇರಿಸ್ಕೋಬಹುದು. ಕಾಯಿಲೆ ವಾಸಿ ಮಾಡು ಅನ್ನೋ ಜಾಗದಲ್ಲಿ ಕಾಯಿಲೆಯವರ ಹೆಸರು ಹೇಳ್ತಾರೆ. ಹಾಗಾಗಿ ಪುಸ್ತಕದ ಪ್ರಾರ್ಥನೆ ಒಳಗೇ ಸ್ವಂತ ಮಾತಿಗೆ ಬಾಗಿಲು ಇಟ್ಟಿದ್ದಾರೆ.

ಇನ್ನು ಡಾಕ್ಟರ್ ವಿಷ್ಯ. ನನಗೆ ಅಲ್ಲಿ ತುಂಬಾ ಇಷ್ಟ ಆದದ್ದೇ ಇದು. ಮಾತ್ರೆ ನುಂಗೋ ಮುಂಚೆ ಹೇಳೋಕೆ ಅಂತಾನೇ ಒಂದು ಚಿಕ್ಕ ಪ್ರಾರ್ಥನೆ ಇದೆ ಅವರಿಗೆ, ಇದ್ರಿಂದ ನನಗೆ ಗುಣ ಆಗ್ಲಿ ಅಂತ. ನಾನು ನೋಡ್ಕೊಳ್ತಿದ್ದ ಅಜ್ಜಿಗೆ ಬಿಪಿ ಮಾತ್ರೆ ಕೈಗೆ ಕೊಟ್ರೆ ಕೈಯಲ್ಲೇ ಇಟ್ಕೊಂಡು ಗೊಣಗೊಣ ಅಂದು ಆಮೇಲೆ ಬಾಯಿಗೆ ಹಾಕ್ಕೊಳ್ಳೋರು, ನಾನು ನೀರಿನ ಲೋಟ ಹಿಡ್ಕೊಂಡು ಕಾಯ್ತಾ ನಿಂತಿರ್ತಿದ್ದೆ. ಮಾತ್ರೆ ಬೇಡ ಪ್ರಾರ್ಥನೆ ಸಾಕು ಅಂತ ಒಂದು ದಿನಾನೂ ಅಂದಿಲ್ಲ. ಟಾಯ್ಲೆಟ್‌ಗೆ ಹೋಗಿ ಬಂದು ಕೈ ತೊಳ್ಕೊಂಡ್ಮೇಲೂ ಒಂದಿದೆ, ನಗಬೇಡಿ, ದೇಹದಲ್ಲಿ ತೂತು ಕೊಳವೆ ಎಲ್ಲಾ ಇಟ್ಟಿದ್ದೀಯ, ಒಂದು ಕಟ್ಕೊಂಡ್ರೂ ಒಂದು ಒಡೆದ್ರೂ ಬದುಕೋಕಾಗಲ್ಲ ಅಂತ. ನರ್ಸಿಂಗ್ ಓದಿದೋಳಿಗೆ ಅದಕ್ಕಿಂತ ಸತ್ಯವಾದ ಪ್ರಾರ್ಥನೆ ಇನ್ನೊಂದು ಕಾಣ್ಲಿಲ್ಲ. ಕ್ಯಾತಿಟರ್, ಅಂದ್ರೆ ಮೂತ್ರದ ಪೈಪ್ ಹಾಕಿಸ್ಕೊಂಡೋರನ್ನ ಕೇಳಿ ನೋಡಿ.

ಶುಕ್ರವಾರ ಸೂರ್ಯ ಮುಳುಗೋ ಮುಂಚೆ ಮನೆ ಹೆಂಗಸರು ಮೇಣದಬತ್ತಿ ಹಚ್ತಾರೆ, ಅದಕ್ಕೆ ಮುಂಚೆ ಡಬ್ಬಿಗೆ ಒಂದು ಕಾಯಿನ್ ಹಾಕ್ತಾರೆ ಬಡವರಿಗೆ ಅಂತ. ಹಚ್ಚಿ, ಎರಡೂ ಕೈಲಿ ಕಣ್ಣು ಮುಚ್ಕೊಂಡು ಮಂತ್ರ ಹೇಳಿ, ಕಣ್ಣು ಮುಚ್ಕೊಂಡೇ ಮಕ್ಕಳು ಮೊಮ್ಮಕ್ಕಳ ಹೆಸರು ಒಂದೊಂದಾಗಿ ಹೇಳಿ ಬೇಡ್ಕೊಳ್ತಾರೆ. ಆ ಹೊತ್ತಲ್ಲಿ ನಾವು ಮಾತಾಡಿಸಬಾರದು. ನಿಮ್ಮಕ್ಕನಿಗೆ ಹೇಳು, ಅಮ್ಮನ ಹೆಸರು ಮತ್ತು ಅಮ್ಮನ ತಾಯಿ ಹೆಸರು ಒಂದು ಚೀಟಿಲಿ ಬರೆದು ಅಜ್ಜಿಗೆ ಕೊಡ್ಲಿ. ಕಾಯಿಲೆಗೆ ಬೇಡ್ಕೊಳ್ಳುವಾಗ ಅವರು ಇಂಥಾ ತಾಯಿಯ ಮಗಳು ಇಂಥಾವಳು ಅಂತಾನೇ ಹೇಳೋದು, ಗೋತ್ರ ನಕ್ಷತ್ರ ಯಾವುದೂ ಕೇಳಲ್ಲ.

ಮೂಡಿಗೆರೆ_ಓದುಗ:

ಒಳ್ಳೆ ಪ್ರಶ್ನೆ ಗುರು. ಬೈಯೋದು ಬಿಡಿ, ಚೌಕಾಸಿನೇ ಮಾಡಿದ್ದಾರೆ ಅವರ ಹಿರಿಯರು. ಸೊದೋಮ್ ಊರನ್ನ ಸುಡ್ತೀನಿ ಅಂತ ದೇವರು ಅಂದಾಗ ಅಬ್ರಹಾಮ, 50 ಜನ ಒಳ್ಳೆಯವರಿದ್ರೆ ಬಿಡ್ತೀಯಾ, 45 ಇದ್ರೆ, 40 ಇದ್ರೆ ಅಂತ 10ಕ್ಕೆ ಇಳಿಸ್ತಾನೆ. ಅದು ಅವರ ಶಾಸ್ತ್ರದಲ್ಲೇ ಇದೆ. ಬೆರ್ಡಿಚೆವ್‌ನ ಲೇವಿ ಯಿತ್ಸಾಕ್ ಅಂತ 18ನೇ ಶತಮಾನದ ರಬ್ಬಿ ಅಂದ್ರೆ ಯಹೂದಿ ಧರ್ಮಗುರು, ಉಕ್ರೇನ್ ಕಡೆಯವರು, ಜನರ ಪರವಾಗಿ ದೇವರ ಮೇಲೇ ಕೇಸ್ ಹಾಕೋ ಥರ ಪ್ರಾರ್ಥನೆ ಮಾಡ್ತಿದ್ರು, ಅದಕ್ಕೇ ಹೆಸರುವಾಸಿ. ನಮ್ಮ ದಾಸರಲ್ಲಿ ನಿಂದಾಸ್ತುತಿ ಇಲ್ವಾ, ಅದನ್ನ ಕೇಳಿ ಬೆಳೆದ ನಮಗೆ ಇದು ಹೊಸದು ಅನ್ನಿಸಬಾರದು.

ಸ್ವಂತ ಭಾಷೇಲಿ ಒಬ್ರೇ ಮಾತಾಡೋದನ್ನ ಪದ್ಧತಿ ಅಂತಲೇ ಗಟ್ಟಿ ಮಾಡಿದ್ದು ಬ್ರೆಸ್ಲೊವ್‌ನ ರಬ್ಬಿ ನಾಖ್ಮನ್, 1772ರಲ್ಲಿ ಹುಟ್ಟಿ 1810ರಲ್ಲಿ ತೀರ್ಕೊಂಡ್ರು, ಇನ್ನೂ ನಲವತ್ತೂ ಆಗಿರ್ಲಿಲ್ಲ. ಉಕ್ರೇನ್‌ನ ಉಮಾನ್‌ನಲ್ಲಿ ಸಮಾಧಿ ಇದೆ, ಈಗಲೂ ಅವರ ಹೊಸ ವರ್ಷಕ್ಕೆ ಸಾವಿರಾರು ಜನ ಅಲ್ಲಿಗೆ ಹೋಗ್ತಾರೆ. ದಿನಾ ಒಂದು ಗಂಟೆ ಒಬ್ಬನೇ ಕೂತ್ಕೋ, ಆಗೋದಾದ್ರೆ ಹೊಲಕ್ಕೋ ಕಾಡಿಗೋ ಹೋಗು, ರಾತ್ರಿ ಆದ್ರೆ ಇನ್ನೂ ಒಳ್ಳೇದು, ಮನೆ ಭಾಷೇಲಿ ಮಾತಾಡು ಅಂತ ಹೇಳ್ಕೊಟ್ರು. ಇದಕ್ಕೆ ಹಿತ್ಬೊದೆದುತ್ ಅಂತಾರೆ. ಬಾಯಿಗೆ ಏನೂ ಬರಲ್ಲ ಅಂದ್ಯಲ್ಲ ತಮ್ಮ, ಅದಕ್ಕೂ ಅವರ ಹತ್ರ ಉತ್ತರ ಇದೆ. ಏನೂ ಬರದಿದ್ರೆ ನನಗೆ ಮಾತು ಬರ್ತಿಲ್ಲ ಅನ್ನೋದನ್ನೇ ಹೇಳು, ಅದೂ ಆಗದಿದ್ರೆ "ಲೋಕದ ಒಡೆಯನೇ" ಅನ್ನೋ ಒಂದೇ ಮಾತನ್ನ ಮತ್ತೆ ಮತ್ತೆ ಹೇಳ್ತಾ ಕೂತ್ಕೋ ಅಂದಿದ್ದಾರೆ. ಇಷ್ಟು ಕನ್ಸೆಷನ್ ಯಾವ ಗುರು ಕೊಡ್ತಾರೆ ಹೇಳಿ.

ಅದಕ್ಕಿಂತ ತುಂಬಾ ಹಳೇದು ಹನ್ನಾ ಕತೆ. ಮಕ್ಕಳಿಲ್ಲದೆ ದೇವಸ್ಥಾನಕ್ಕೆ ಬಂದು ಅಳ್ತಾ ಬೇಡ್ಕೊಳ್ತಾಳೆ, ತುಟಿ ಆಡ್ತಿದೆ ಧ್ವನಿ ಬರ್ತಿಲ್ಲ, ಪೂಜಾರಿ ಏಲಿ ನೋಡಿ ಕುಡಿದು ಬಂದಿದ್ದಾಳೆ ಅನ್ಕೊಂಡು ಗದರ್ತಾನೆ. ಇಲ್ಲ ಸ್ವಾಮಿ ಮನಸ್ಸಿನ ಸಂಕಟ ಸುರೀತಿದೀನಿ ಅಂತಾಳೆ. ನರ್ಸಕ್ಕ ಹೇಳಿದ ತುಟಿ ಆಡಿಸೋ ಪ್ರಾರ್ಥನೆಗೆ ತಾಲ್ಮುದ್ ಅನ್ನೋ ಅವರ ಹಳೇ ಧರ್ಮಶಾಸ್ತ್ರದ ಪಂಡಿತರು ಮಾದರಿ ತಗೊಂಡಿದ್ದೇ ಈ ಹೆಂಗಸಿಂದ. ಪೂಜಾರಿಗೇ ಅರ್ಥ ಆಗದ ಪ್ರಾರ್ಥನೆಯನ್ನ ಮುಂದೆ ಇಡೀ ಸಮುದಾಯ ಪಾಠ ಅಂತ ತಗೊಂಡಿದ್ದು ನೋಡಿ.

ಇನ್ನೊಂದು ಹೇಳ್ಬಿಡ್ತೀನಿ, ನಾವು ಕಾಫಿಯವರು ಮಿಸ್ ಮಾಡಬಾರದ ಕತೆ. ಹೋನಿ ಅಂತ ಒಬ್ಬ, ಎರಡು ಸಾವಿರ ವರ್ಷದ ಹಿಂದಿನೋನು. ಮಳೆ ಇಲ್ಲ, ಜನ ಬಂದು ಪ್ರಾರ್ಥನೆ ಮಾಡಪ್ಪ ಅಂದ್ರು. ಇವನು ಮೊದ್ಲು, ಹೊರಗಿಟ್ಟಿರೋ ಪಾಸೋವರ್ ಹಬ್ಬದ ಮಣ್ಣಿನ ಒಲೆಗಳನ್ನ ಒಳಗೆ ಇಟ್ಕೊಳ್ಳಿ, ಕರಗೋಗ್ತವೆ ಅಂದ. ಅಷ್ಟು ಧೈರ್ಯ. ಬೇಡ್ಕೊಂಡ, ಮಳೆ ಬರ್ಲಿಲ್ಲ. ನೆಲದ ಮೇಲೆ ದುಂಡಗೆ ಗೆರೆ ಎಳೆದು ಒಳಗೆ ನಿಂತು ಮಳೆ ಬರೋ ತನಕ ಇಲ್ಲಿಂದ ಕದಲಲ್ಲ ಅಂತ ಆಣೆ ಇಟ್ಟ. ಹನಿ ಹನಿ ಬಿತ್ತು. ಇದಲ್ಲ ನಾನು ಕೇಳಿದ್ದು, ಬಾವಿ ತುಂಬೋ ಮಳೆ ಅಂದ. ರಪರಪ ಅಂತ ಹೊಡೀತು. ಇದೂ ಅಲ್ಲ, ಹದವಾದ ಮಳೆ ಅಂದ. ಹದವಾಗಿ ಬಂದು ನಿಲ್ಲಲೇ ಇಲ್ಲ, ಆಮೇಲೆ ಅದೇ ಜನ ಬಂದು ಸಾಕು ನಿಲ್ಸಪ್ಪ ಅಂದ್ರು. ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂ ಬಿಡೋಕೆ ಬೇಕಾದ ಹೂಮಳೆಗೆ ಆಕಾಶ ನೋಡ್ತಾ ಕೂತು, ಬಂದ್ರೆ ಸಾಲ್ದು ಅಂದು, ಡಿಸೆಂಬರಲ್ಲಿ ಕಣದಲ್ಲಿ ಹಣ್ಣು ಒಣಗೋವಾಗ ಬಂದ್ರೆ ಬೈಯೋ ನಮ್ಮ ಬಾಳೇ ಅದು. ಆಗಿನ ದೊಡ್ಡ ಪಂಡಿತ ಶಿಮೊನ್ ಬೆನ್ ಶೆಟಾಖ್ ಕೋಪ ಮಾಡ್ಕೊಂಡು, ನೀನು ಹೋನಿ ಅಲ್ಲದೆ ಇದ್ದಿದ್ರೆ ಬಹಿಷ್ಕಾರ ಹಾಕ್ತಿದ್ದೆ, ಏನ್ಮಾಡ್ಲಿ, ಅಪ್ಪನ ಹತ್ರ ಹಠ ಮಾಡೋ ಮಗನ ಥರ ನೀನು ಅಂತ ಹೇಳಿ ಕಳ್ಸಿದ. ಗಮನಿಸಿ, ಒಪ್ಪಲೂ ಇಲ್ಲ, ತಪ್ಪು ಅಂತ ಶಿಕ್ಷೆಯನ್ನೂ ಕೊಡ್ಲಿಲ್ಲ.

ನಂಬಿಕೆ_ಗಿಂಬಿಕೆ:

ಕತೆ ಚೆನ್ನಾಗಿದೆ ಸರ್, ಹೂಮಳೆ ಬರದಿದ್ರೆ ನಾವು ಸ್ಪ್ರಿಂಕ್ಲರ್ ಓಡಿಸ್ತೀವಿ, ಗೆರೆ ಎಳೆಯಲ್ಲ. ಸೀರಿಯಸ್ಸಾಗಿ ಒಂದು ಕೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಹಿಟ್ಲರ್ ಕಾಲದಲ್ಲಿ 60 ಲಕ್ಷ ಯಹೂದಿಗಳನ್ನ ಕೊಂದ್ರು. ಅವರಲ್ಲೂ ದಿನಾ ಮೂರು ಹೊತ್ತು ಪ್ರಾರ್ಥನೆ ಮಾಡೋರು ಎಷ್ಟು ಜನ ಇದ್ರೋ. ಆಮೇಲೂ "ನಂಬು, ಎಲ್ಲಾ ಒಳ್ಳೇದಾಗುತ್ತೆ" ಅಂದ್ರೆ ಏನರ್ಥ? ಈ ಹುಡುಗನಿಗೆ ಸುಳ್ಳು ಧೈರ್ಯ ಕೊಡೋದು ಬೇಡ ಅನ್ನೋದಷ್ಟೇ ನನ್ನ ಮಾತು.

ಹಾಸನ್_ನರ್ಸಕ್ಕ:

@ನಂಬಿಕೆ_ಗಿಂಬಿಕೆ ಬೇಜಾರೇನಿಲ್ಲ. ನಾನು ಮೊದ್ಲು ಇದ್ದ ಮನೇಲಿ ತಾತನ ಕೈ ಮೇಲೆ ಹಿಟ್ಲರ್‌ನ ಸಾವಿನ ಕ್ಯಾಂಪ್ ಆಶ್‌ವಿಟ್ಸ್ ನಂಬರ್ ಇತ್ತು, ಹಸಿರುಗಟ್ಟಿದ ಹಚ್ಚೆ, ಸ್ನಾನ ಮಾಡ್ಸುವಾಗ ದಿನಾ ನೋಡ್ತಿದ್ದೆ. ಅಜ್ಜಿ ಶುಕ್ರವಾರ ಬತ್ತಿ ಹಚ್ಚೋ ಹೊತ್ತಿಗೆ ತಾತ ಎದ್ದು ಬೇರೆ ರೂಮಿಗೆ ಹೋಗೋರು, ಆಮೇಲೆ ಊಟಕ್ಕೆ ಬಂದು ಕೂರೋರು. ಅಜ್ಜಿನೂ ಯಾಕೆ ಅಂತ ಕೇಳ್ತಿರ್ಲಿಲ್ಲ, ತಾತನೂ ನೀನ್ಯಾಕೆ ಹಚ್ತೀಯ ಅಂತಿರ್ಲಿಲ್ಲ. ಇಬ್ರೂ ಅದೇ ಯುದ್ಧ ದಾಟಿ ಬಂದೋರು. ಯಾರು ಸರಿ ಅಂತ ಹೇಳೋಕೆ ನಾನ್ಯಾರು.

ಮೂಡಿಗೆರೆ_ಓದುಗ:

@ನಂಬಿಕೆ_ಗಿಂಬಿಕೆ ನಿಮ್ಮ ಪ್ರಶ್ನೆ ಅವರಲ್ಲೇ ಎದ್ದಿರೋದು. ತಮಾಷೆ ಅಂದ್ರೆ ಇದಕ್ಕೆ ಪ್ರಸಿದ್ಧ ಉತ್ತರ ಒಂದು ಈ ಅಜ್ಜಿ ಇರೋ ಬ್ನೇ ಬ್ರಾಕ್‌ನಿಂದಲೇ ಬಂದಿದೆ. ಖಝೋನ್ ಇಶ್ ಅಂತ ಕರೆಯೋ ರಬ್ಬಿ ಕರೆಲಿಟ್ಸ್ ಅಲ್ಲೇ ಇದ್ರು, 1953ರಲ್ಲಿ ತೀರ್ಕೊಂಡ್ರು. ಅವರು ಹೇಳಿದ್ದು ಸ್ಪಷ್ಟವಾಗಿದೆ: ದೇವರ ಮೇಲೆ ಭರವಸೆ ಅಂದ್ರೆ ನಾನು ಅನ್ಕೊಂಡ ಒಳ್ಳೇದೇ ಆಗುತ್ತೆ ಅಂತ ನಂಬೋದಲ್ಲ, ಹಾಗಂತ ಯಾರೂ ಮಾತು ಕೊಟ್ಟಿಲ್ಲ. ಆಗೋದು ಯಾವುದೂ ಅವನ ಕೈ ಮೀರಿ ಸುಮ್ಮನೆ ಆಗಲ್ಲ ಅನ್ನೋದಷ್ಟೇ ಭರವಸೆ. ಇದಕ್ಕೆ ಎದುರು ಪಕ್ಷನೂ ಇದೆ, ಖಬಾದ್ ಪಂಥದವರು ಒಳ್ಳೇದು ಯೋಚನೆ ಮಾಡು ಒಳ್ಳೇದಾಗುತ್ತೆ, ಆ ಭರವಸೆನೇ ಒಳ್ಳೇದನ್ನ ಎಳ್ಕೊಂಡು ಬರುತ್ತೆ ಅಂತಾರೆ. ನನ್ನ ವೋಟು ಬ್ನೇ ಬ್ರಾಕ್ ರಬ್ಬಿಗೆ, ಖಬಾದ್ ಮಾತು ಕೇಳೋಕೆ ಹಿತ, ಆದ್ರೆ ಕೆಟ್ಟದ್ದಾದಾಗ ನೀನು ಸರಿಯಾಗಿ ನಂಬಲಿಲ್ಲ ಅಂತ ಕಾಯಿಲೆಯವರ ತಲೆಗೇ ಕಟ್ಟೋ ಅಪಾಯ ಇದೆ ಅದ್ರಲ್ಲಿ.

ಇನ್ನು ಪ್ರಯತ್ನ ಮತ್ತೆ ನಂಬಿಕೆ. 11ನೇ ಶತಮಾನದಲ್ಲಿ ಸ್ಪೇನ್‌ನಲ್ಲಿದ್ದ ಬಹ್ಯಾ ಇಬ್ನ್ ಪಾಕುದಾ ಈ ಭರವಸೆ ಬಗ್ಗೇನೇ ಉದ್ದಕ್ಕೆ ಬರೆದಿದ್ದಾರೆ. ಔಷಧಿ ತಗೋ, ದುಡಿ, ಆದ್ರೆ ಗುಣ ಮಾಡಿದ್ದು ಔಷಧಿನೇ ಅಂತ ಮನಸ್ಸು ಅದಕ್ಕೆ ಜೋತುಬೀಳೋದು ಬೇಡ, ಹಾಗಂತ ವಿಷ ಕುಡಿದು ದೇವರು ಕಾಪಾಡ್ತಾನೆ ಅಂತ ಕೂರೋದೂ ಬೇಡ ಅನ್ನೋದು ಅವರ ವಾದ. ಒಂದು ಹಳೇ ಕತೆನೂ ಇದೆ, ರಬ್ಬಿ ಅಕಿವ ಮತ್ತು ರಬ್ಬಿ ಇಶ್ಮಾಯೆಲ್ ಒಬ್ಬ ಕಾಯಿಲೆಯವನಿಗೆ ಔಷಧಿ ಹೇಳ್ತಾರೆ, ಪಕ್ಕದಲ್ಲಿದ್ದ ರೈತ, ಕಾಯಿಲೆ ಕೊಟ್ಟಿದ್ದು ದೇವರು, ನೀವ್ಯಾರ್ರೀ ನಡುವೆ ಕೈ ಹಾಕೋಕೆ ಅಂತಾನೆ. ನಿನ್ನ ಕೈಲಿ ಕುಡುಗೋಲು ಯಾಕಿದೆ, ತೋಟ ಮಾಡಿದ್ದೂ ಅವನೇ ತಾನೇ ಅಂತ ರಬ್ಬಿಗಳು ಕೇಳಿದ್ರೆ, ಉಳದೆ, ಕಳೆ ಕೀಳದೆ, ಗೊಬ್ಬರ ಹಾಕದೆ ಏನು ಬೆಳೆಯುತ್ತೆ ಅಂತಾನೆ ರೈತ. ದೇಹನೂ ಗಿಡ, ಔಷಧಿ ಗೊಬ್ಬರ, ವೈದ್ಯ ರೈತ ಅಂತಾರೆ ಇವರು. ಅಜ್ಜಿ ಎರಡನೇ ಡಾಕ್ಟರ್ ಕೇಳಿದ್ದು ಇದೇ ಲೆಕ್ಕದಲ್ಲಿ.

ಕೊನೇದಾಗಿ ಒಂದು, ಸ್ವಲ್ಪ ಖಾರ ಇದೆ. ಅವರ ಮಿಷ್ನಾ ಶಾಸ್ತ್ರದಲ್ಲಿ ವ್ಯರ್ಥ ಪ್ರಾರ್ಥನೆ ಅಂತ ಒಂದಿದೆ. ಊರಿಗೆ ವಾಪಸ್ ಬರ್ತಿದೀಯ, ಊರೊಳಗಿಂದ ಕಿರುಚಾಟ ಕೇಳ್ಸುತ್ತೆ, ಅದು ನಮ್ಮನೆ ಆಗಿರದಿರ್ಲಿ ಅಂತ ಬೇಡ್ಕೊಂಡ್ರೆ ಅದು ವ್ಯರ್ಥ, ಆಗೋದು ಆಗ್ಹೋಗಿದೆ. ಆ ಲೆಕ್ಕದಲ್ಲಿ ಬಯಾಪ್ಸಿ ತುಂಡು ಲ್ಯಾಬ್‌ಗೆ ಹೋದ್ಮೇಲೆ ರಿಪೋರ್ಟ್ ಹಿಂಗೇ ಬರ್ಲಿ ಅಂತ ಬೇಡೋದು ಕೂಡ ಹಾಗೇ.

ಹಾಸನ್_ನರ್ಸಕ್ಕ:

ಓದುಗರೇ, ಈ ಹೊತ್ತಲ್ಲಿ ಆ ಹುಡುಗನಿಗೆ ಹೇಳೋ ಮಾತೇನ್ರೀ ಇದು?

ಮೂಡಿಗೆರೆ_ಓದುಗ:

ಮೇಡಂ, ಹೆದರಿಸೋಕಲ್ಲ ಹೇಳಿದ್ದು. ನನಗಂತೂ ಅದು ಭಾರ ಇಳಿಸೋ ಮಾತು. ಈಗಾಗಲೇ ಆಗಿರೋದನ್ನ ಬದಲಾಯಿಸೋ ಜವಾಬ್ದಾರಿ ಅವನ ಪ್ರಾರ್ಥನೆ ಮೇಲಿಲ್ಲ, ನಾನು ಸರಿಯಾಗಿ ಬೇಡ್ಕೊಳ್ಲಿಲ್ಲ ಅದಕ್ಕೇ ರಿಪೋರ್ಟ್ ಕೆಟ್ಟದ್ದು ಬಂತು ಅಂತ ನಾಳೆ ಎದೆ ಬಡ್ಕೊಳ್ಳೋದೂ ಬೇಡ. ಇನ್ನೂ ಆಗದೇ ಇರೋದು ಬೇಕಾದಷ್ಟಿದೆ ಬೇಡೋಕೆ: ಅಮ್ಮನಿಗೆ ಇವತ್ತು ರಾತ್ರಿ ನಿದ್ದೆ ಬರ್ಲಿ, ಆಪರೇಷನ್ ಅಂದ್ರೆ ಡಾಕ್ಟರ್ ಕೈ ನಡುಗದಿರ್ಲಿ, ಅಪ್ಪ ಧೈರ್ಯ ಕೆಡದಿರ್ಲಿ, ದುಡ್ಡು ಹೊಂದಲಿ. ಇವೆಲ್ಲ ಮುಂದಿನವು.

ಬಾಳೆಹೊನ್ನೂರ್_ಅರ್ಧ_ಯಹೂದಿ:

ಹೆಸರು ನೋಡಿ ನಗಬೇಡಿ, ನಿಜ. ಅಪ್ಪ ಬಾಳೆಹೊನ್ನೂರು ಕಡೆಯವರು, ಅಮ್ಮ ಮುಂಬೈನ ಬೆನೆ ಇಸ್ರೇಲ್, ಅಂದ್ರೆ ಕೊಂಕಣದ ಹಳೇ ಯಹೂದಿ ಸಮುದಾಯದವರು. ನಮ್ಮ ತಾಯಿ ಕಡೆಯವರಿಗೆ ಕೊಂಕಣದಲ್ಲಿ ಶನಿವಾರ್ ತೇಲಿ ಅಂತಿದ್ರು, ಗಾಣದ ಎಣ್ಣೆ ತೆಗೆಯೋರು, ಶನಿವಾರ ಮಾತ್ರ ಗಾಣ ಕಟ್ತಿರ್ಲಿಲ್ಲ. ಅಕ್ಕಪಕ್ಕದ ಗಾಣದೋರೆಲ್ಲ ಓಡಿಸ್ತಿದ್ರೂ ಇವರದ್ದು ನಿಂತಿರ್ತಿತ್ತು. ನಂಬಿಕೆ ಏನು ಅಂತ ನನ್ನನ್ನ ಕೇಳಿದ್ರೆ ಆ ನಿಂತ ಗಾಣನೇ ತೋರಿಸ್ತೀನಿ, ವಾರಕ್ಕೊಂದು ದಿನದ ವ್ಯಾಪಾರ ಬಿಟ್ಟೂ ಊಟಕ್ಕೆ ಕಮ್ಮಿ ಆಗಲ್ಲ ಅಂತ ಕೂತ್ರಲ್ಲ ಅದು.

ನಮ್ಮಲ್ಲಿ ಹರಕೆನೂ ಇದೆ ತಮ್ಮ, ಅಪ್ಪನ ಧರ್ಮಸ್ಥಳದ ಹರಕೆ ಬಗ್ಗೆ ಮುಜುಗರ ಬೇಡ. ಮಲಿದಾ ಅಂತ ಮಾಡ್ತೀವಿ, ನೆನೆಸಿದ ಅವಲಕ್ಕಿಗೆ ಸಿಹಿ, ತೆಂಗಿನತುರಿ, ಏಲಕ್ಕಿ ಹಾಕಿ ಕಲಸಿ, ತಟ್ಟೆ ತುಂಬಾ ಹಣ್ಣು ಜೋಡ್ಸಿ, ಪ್ರವಾದಿ ಎಲಿಯಾಹು ಹೆಸರಲ್ಲಿ ಹಾಡಿ ಹಂಚೋದು. ಕೆಲ್ಸ ಸಿಕ್ರೆ, ಮಗು ಹುಟ್ಟಿದ್ರೆ, ಕಾಯಿಲೆ ವಾಸಿ ಆದ್ರೆ ಮಾಡ್ತೀವಿ. ಬೇರೆ ದೇಶದ ಯಹೂದಿಗಳಿಗೆ ಇದು ಗೊತ್ತಿಲ್ಲ, ನಮ್ಮದೇ.

ಇನ್ನೊಂದು, ಅಕ್ಕ ಜೆರುಸಲೇಮ್‌ಗೆ ಹೋದ್ರೆ ಅಲ್ಲಿ ಹಳೇ ದೇವಾಲಯದ ಆವರಣದ ಪಶ್ಚಿಮ ಗೋಡೆ ಇದೆ, ಕಲ್ಲಿನ ಸಂದಿಲಿ ಚೀಟಿ ಬರೆದು ಇಡ್ತಾರೆ, ಯಾವ ಧರ್ಮದೋರು ಬೇಕಾದ್ರೂ ಇಡಬಹುದು. ಹಾಸನಾಂಬೆ ಹುಂಡಿಗೆ ಜನ ಪತ್ರ ಹಾಕಲ್ವಾ, ಹಾಗೆ. ವ್ಯತ್ಯಾಸ ಏನಂದ್ರೆ ನಮ್ಮಲ್ಲಿ ಎಣಿಕೆ ದಿನ ಪತ್ರ ಟೀವಿಗೆ ಬಂದ್ಬಿಡುತ್ತೆ, ಅತ್ತೆ ಸಾಯ್ಲಿ ಅಂತ ಬರೆದಿದ್ದನ್ನೂ ಓದಿ ನಗ್ತಾರೆ. ಅಲ್ಲಿ ಯಾರೂ ಓದಲ್ಲ, ವರ್ಷಕ್ಕೆ ಎರಡು ಸಲ ಸಂದಿಯಿಂದ ತೆಗೆದು ಆಲಿವ್ ಬೆಟ್ಟದಲ್ಲಿ ಹೂಳ್ತಾರೆ.

ಸಕಲೇಶಪುರ_ಸೋಂಬೇರಿ:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉದ್ದ ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ. ವ್ಯರ್ಥ ಪ್ರಾರ್ಥನೆ ಮಾತು ಓದಿದಾಗ ಧಸಕ್ ಅಂತು, ಆದ್ರೆ ಓದುಗ ಸರ್ ಆಮೇಲೆ ಬರೆದಿದ್ದು ನನಗೆ ಸರಿ ಅನ್ನಿಸ್ತು. ನಿನ್ನೆ ರಾತ್ರಿ ಪಂಪ್‌ಸೆಟ್ ಆಫ್ ಮಾಡೋಕೆ ತೋಟಕ್ಕೆ ಹೋಗಿದ್ದೆ, ಯಾರೂ ಇಲ್ಲ ಅಂತ ನೋಡ್ಕೊಂಡು ಟ್ರೈ ಮಾಡ್ದೆ. ಮೊದ್ಲು ಸಾಲದ ವಿಷ್ಯನೇ ಬಂತು ಬಾಯಿಗೆ, ಅಮ್ಮನ ವಿಷ್ಯ ಆಮೇಲೆ. ನಾಯಿ ಒಂದು ಪಕ್ಕದಲ್ಲಿ ಕೂತು ನನ್ನನ್ನೇ ನೋಡ್ತಿತ್ತು, ಬಿಸ್ಕೆಟ್ ಕೊಡ್ತೀನಿ ಅನ್ಕೊಂಡಿರ್ಬೇಕು.

ನರ್ಸಕ್ಕ, ಚೀಟಿಗೆ ಹೆಸರು ಕೇಳಿದ್ರಿ. ಅಮ್ಮನ ಹೆಸರೇನೋ ಸರಿ, ಅಜ್ಜಿದು ಸಮಸ್ಯೆ. ರೇಷನ್ ಕಾರ್ಡಲ್ಲಿ ಪುಟ್ಟಮ್ಮ ಅಂತಿದೆ, ಮನೇಲಿ ಎಲ್ಲರೂ ಕರೀತಿದ್ದದ್ದು ಗೌರಕ್ಕ ಅಂತ. ಯಾವುದು ಕೊಡ್ಲಿ?

ಹಾಸನ್_ನರ್ಸಕ್ಕ:

ಮನೇಲಿ ಕರೀತಿದ್ದದ್ದೇ ಕೊಡು. ಶುಕ್ರವಾರ ನಮ್ಮ ಮಧ್ಯಾಹ್ನದೊಳಗೆ ಅಕ್ಕನಿಗೆ ವಾಟ್ಸಾಪ್ ಮಾಡ್ಬಿಡು, ಅಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಮೂರೂವರೆ. ಸಂಜೆ ಆದ್ಮೇಲೆ ಆ ಮನೇಲಿ ಶನಿವಾರ ರಾತ್ರಿ ತನಕ ಪೆನ್ನು ಮುಟ್ಟಲ್ಲ, ಫೋನೂ ಮುಟ್ಟಲ್ಲ, ಅಕ್ಕನೂ ಅವರ ಮುಂದೆ ಫೋನ್ ಹಿಡ್ಕೊಂಡು ಕೂರೋಕಾಗಲ್ಲ. ಮತ್ತೆ ರಿಪೋರ್ಟ್ ಬಂದ ತಕ್ಷಣ ಇಲ್ಲಿ ಹಾಕು, ಎರಡನೇ ಡಾಕ್ಟರ್ ಬೇಕಾದ್ರೆ ನನಗೆ ಮೆಸೇಜ್ ಮಾಡು, ಗೊತ್ತಿರೋರು ಇದ್ದಾರೆ.